ಫೋಟಾನ್‌ಗೆ ಫೋಟಾನ್ ಗುದ್ದಿ ಮೆಸಾನ್ ಹುಟ್ಟೋ ಲೆಕ್ಕ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ವಿಷಯದ ಮೇಲೆ ಕೆಲಸ ಮಾಡ್ತೀನಿ ಅಂದ ತಕ್ಷಣ ಬರೋ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಪ್ರತಿ ಸಲ ಬಾಯಲ್ಲಿ ಹೇಳೋ ಬದಲು ಒಂದ್ಸಲ ಕೂತು ಬರೆದುಬಿಟ್ಟಿದೀನಿ. ಕೆಲವು ಉತ್ತರ ಉದ್ದ ಆಗಿದೆ, ಕೆಲವು ಒಂದೇ ಸಾಲು, ಯಾಕಂದ್ರೆ ಎಲ್ಲಾ ಪ್ರಶ್ನೆಗೂ ಒಂದೇ ತೂಕ ಇರಲ್ಲ.

ಬೆಳಕಿಗೆ ಬೆಳಕು ಡಿಕ್ಕಿ ಹೊಡೆಯುತ್ತಾ? ಎರಡು ಟಾರ್ಚ್ ಬಿಟ್ರೆ ಒಂದರೊಳಗಿಂದ ಇನ್ನೊಂದು ತೂರ್ಕೊಂಡು ಹೋಗುತ್ತಲ್ಲ?

ಟಾರ್ಚ್ ಮಟ್ಟದಲ್ಲಿ ನೀವು ಹೇಳಿದ್ದು ಸರಿ, ಅಲ್ಲಿ ಏನೂ ಆಗಲ್ಲ ಅಂತಾನೇ ಇಟ್ಕೊಳ್ಳಿ. ಫೋಟಾನ್‌ಗೆ ಚಾರ್ಜ್ ಇಲ್ಲ, ಹಂಗಾಗಿ ಇನ್ನೊಂದು ಫೋಟಾನ್ ಅದಕ್ಕೆ ನೇರವಾಗಿ ಕಾಣಲ್ಲ. ಆದ್ರೆ ಕ್ವಾಂಟಮ್ ಲೋಕದಲ್ಲಿ ಫೋಟಾನ್ ಯಾವಾಗ್ಲೂ ಬರೀ ಫೋಟಾನ್ ಆಗಿ ಇರಲ್ಲ, ಒಂದು ಕ್ಷಣ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿ ಆಗಿ, ಒಂದು ಕ್ಷಣ ಕ್ವಾರ್ಕ್-ಆಂಟಿಕ್ವಾರ್ಕ್ ಜೋಡಿ ಆಗಿ ಒಡೆದು ಮತ್ತೆ ಕೂಡ್ಕೊಳ್ತಾ ಇರುತ್ತೆ, ಆ ಒಡೆದ ಗಳಿಗೆಯಲ್ಲಿ ಇನ್ನೊಂದು ಫೋಟಾನ್ ಬಂದ್ರೆ ಅದಕ್ಕೆ ಹಿಡ್ಕೊಳ್ಳೋಕೆ ಚಾರ್ಜ್ ಸಿಗುತ್ತೆ. ಎರಡು ಫೋಟಾನ್ ಸೇರಿ ಎಲೆಕ್ಟ್ರಾನ್ ಜೋಡಿ ಆಗೋ ಲೆಕ್ಕ ಬ್ರೈಟ್ ಮತ್ತು ವೀಲರ್ 1934ರಲ್ಲೇ ಮಾಡಿದ್ರು. ಎರಡು ಫೋಟಾನ್ ಬಂದು ಎರಡು ಫೋಟಾನ್ ಆಗಿಯೇ ಚದುರೋದು ಇದೆಯಲ್ಲ, ಅದಕ್ಕೆ ಎಲ್‌ಎಚ್‌ಸಿ ಅನ್ನೋ ದೊಡ್ಡ ಕಣ ಡಿಕ್ಕಿ ಯಂತ್ರದ ಅಟ್ಲಾಸ್ ಪ್ರಯೋಗದಿಂದ ಮೊದಲ ಬಲವಾದ ಸುಳಿವು ಬಂದಿದ್ದು 2017ರಲ್ಲಿ, ಅನುಮಾನಕ್ಕೆ ಜಾಗ ಇಲ್ಲದ ಹಾಗೆ ಕಂಡಿದ್ದು 2019ರಲ್ಲಿ. ಲೆಕ್ಕಕ್ಕೂ ಕಣ್ಣಿಗೂ ನಡುವೆ ಎಂಟು ದಶಕದ ಮೇಲೆ.

ಮೆಸಾನ್ ಕಥೆಗೆ ಬೇಕಾಗಿರೋದು ಎನರ್ಜಿ. ಎರಡು ಫೋಟಾನ್‌ದು ಒಟ್ಟು ಎನರ್ಜಿ ಸರಿಯಾಗಿ 135 ಎಂಇವಿ (ಎಂಇವಿ ಅಂದ್ರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್; ಕೆಇವಿ ಅದರ ಸಾವಿರದಲ್ಲೊಂದು, ಜಿಇವಿ ಅದರ ಸಾವಿರ ಪಟ್ಟು) ಇದ್ರೆ ಒಂದು ನ್ಯೂಟ್ರಲ್ ಪಯಾನ್ (ಎಲ್ಲಕ್ಕಿಂತ ಹಗುರ ಮೆಸಾನ್), 280 ಎಂಇವಿ ಹತ್ರ ಬಂದ್ರೆ ಒಂದು ಜೊತೆ ಚಾರ್ಜ್ ಇರೋ ಪಯಾನ್, ಹಂಗೇ ಮೇಲೆ ಹೋದಂಗೆ ಕಾವಾನ್, ಚಾರ್ಮ್ ಇರೋ ಮೆಸಾನ್, ಎಲ್ಲಾ ಬರುತ್ತೆ.

ಮೆಸಾನ್ ಅಂದ್ರೆ ಏನು, ಒಂದೇ ಸಾಲಲ್ಲಿ?

ಒಂದು ಕ್ವಾರ್ಕ್, ಒಂದು ಆಂಟಿಕ್ವಾರ್ಕ್, ನಡುವೆ ಗ್ಲೂಆನ್ ಅಂಟು. ಇಷ್ಟು ಸಾಕು, ಮುಂದಕ್ಕೆ ಹೋಗೋಣ.

ಅಷ್ಟು ಎನರ್ಜಿ ಇರೋ ಫೋಟಾನ್ ಎಲ್ಲಿಂದ ತರ್ತೀರಾ?

ಯಾರೂ ಫೋಟಾನ್‌ನೇ ಬೇರೆಯಾಗಿ ತರಲ್ಲ, ಇದೇ ಈ ಫೀಲ್ಡಿನ ಮಜಾ. ಜೋರಾಗಿ ಓಡ್ತಿರೋ ಎಲೆಕ್ಟ್ರಾನ್ ಸುತ್ತ ಇರೋ ವಿದ್ಯುತ್ ಕ್ಷೇತ್ರ ನಿಂತು ನೋಡೋರಿಗೆ ಹೆಚ್ಚುಕಮ್ಮಿ ನಿಜವಾದ ಫೋಟಾನ್‌ಗಳ ಒಂದು ಗುಂಪಿನ ಥರಾನೇ ಕಾಣುತ್ತೆ. ಈ ಐಡಿಯಾ ಫರ್ಮಿದು, 1924ರದ್ದು, ಆಮೇಲೆ 1934ರ ಹೊತ್ತಿಗೆ ವೈಜ್‌ಸೇಕರ್ ಮತ್ತು ವಿಲಿಯಮ್ಸ್ ಅದನ್ನ ಬೆಳಕಿನ ವೇಗದ ಹತ್ತಿರ ಓಡೋ ಕಣಗಳಿಗೆ ಸರಿಮಾಡಿದ್ರು. ಹಂಗಾಗಿ ಎಲೆಕ್ಟ್ರಾನ್ ಪಾಸಿಟ್ರಾನ್ ಎದುರುಬದುರು ಬಿಟ್ರೆ ಅವೆರಡು ಒಂದಕ್ಕೊಂದು ತಾಗದೇ ಹೋದ್ರೂ ಅವುಗಳ ಜೊತೆ ಬಂದಿರೋ ಫೋಟಾನ್‌ಗಳು ಗುದ್ದಾಡ್ತವೆ. ಎಲೆಕ್ಟ್ರಾನ್ ಪಾಸಿಟ್ರಾನ್ ಒಂದನ್ನೊಂದು ನಾಶ ಮಾಡ್ಕೊಳ್ಳೋ ಕ್ರಾಸ್ ಸೆಕ್ಷನ್ (ಅಂದ್ರೆ ಆ ಘಟನೆ ಆಗೋ ಸಾಧ್ಯತೆಯ ಅಳತೆ) ಎನರ್ಜಿ ವರ್ಗಕ್ಕೆ ತಕ್ಕ ಹಾಗೆ ಇಳೀತಾ ಹೋಗುತ್ತೆ, ಎರಡು ಫೋಟಾನ್ ದಾರಿದು ಮಾತ್ರ ನಿಧಾನಕ್ಕೆ ಏರ್ತಾನೇ ಹೋಗುತ್ತೆ. ಇದನ್ನ 1970ರ ಆಸುಪಾಸಲ್ಲಿ ಬ್ರಾಡ್ಸ್ಕಿ, ಕಿನೋಶಿತಾ, ತೆರಾಜಾವಾ ಲೆಕ್ಕ ಹಾಕಿ ತೋರ್ಸಿದ್ಮೇಲೆ ಜನ ಸೀರಿಯಸ್ಸಾಗಿ ತಗೊಂಡ್ರು.

ಇನ್ನೊಂದು ದಾರಿ ಸೀಸ. ಎಲ್‌ಎಚ್‌ಸಿಯಲ್ಲಿ ಸೀಸದ ನ್ಯೂಕ್ಲಿಯಸ್‌ಗಳು ಒಂದಕ್ಕೊಂದು ತಾಗದ ಹಾಗೆ ಪಕ್ಕದಲ್ಲೇ ಹಾದು ಹೋದಾಗ, ಪ್ರತಿ ನ್ಯೂಕ್ಲಿಯಸ್ ಕೊಡೋ ಫೋಟಾನ್ ಸಂಖ್ಯೆ ಚಾರ್ಜಿನ ವರ್ಗಕ್ಕೆ ತಕ್ಕ ಹಾಗೆ ಜಾಸ್ತಿ ಆಗುತ್ತೆ, ಎರಡೂ ಕಡೆ ಸೇರಿದ್ರೆ 82ರ ನಾಲ್ಕನೇ ಘಾತ, ಅಂದ್ರೆ ಸುಮಾರು 4.5 ಕೋಟಿ ಪಟ್ಟು. ಆದ್ರೆ ನ್ಯೂಕ್ಲಿಯಸ್ ದಪ್ಪ ಇರೋದ್ರಿಂದ ಫೋಟಾನ್ ಎನರ್ಜಿಗೆ ಒಂದು ಮೇಲ್ಮಿತಿ ಬೀಳುತ್ತೆ, ಅಲ್ಲಿ ಅದು 80 ಜಿಇವಿ ಹತ್ತಿರ, ಅದರ ಮೇಲೆ ಫೋಟಾನ್‌ಗಳು ದಿಢೀರ್ ಅಂತ ಕಮ್ಮಿ ಆಗ್ತವೆ.

ಮೂರನೇದು ಇನ್ನೂ ಕಾಗದದ ಮೇಲೇ ಇದೆ. ಲೇಸರ್ ಬೆಳಕನ್ನ ಎದುರಿಂದ ಬರ್ತಿರೋ ಎಲೆಕ್ಟ್ರಾನ್ ಮೇಲೆ ಬಿಟ್ಟು ವಾಪಸ್ ಪುಟಿಸೋದು, ಆಗ ಫೋಟಾನ್‌ಗೆ ಎಲೆಕ್ಟ್ರಾನ್ ಎನರ್ಜಿಯ ಸುಮಾರು 80 ಪರ್ಸೆಂಟ್ ತನಕ ಸಿಗಬಹುದು. 1981ರಲ್ಲಿ ಗಿಂಜ್‌ಬರ್ಗ್, ಕೋಟ್ಕಿನ್, ಸೆರ್ಬೊ, ಟೆಲ್ನೋವ್ ಹೇಳಿದ ಐಡಿಯಾ. ಚೆನ್ನಾಗಿದೆ, ಕಟ್ಟಿಲ್ಲ.

ಯಾವ ಮೆಸಾನ್ ಬೇಕಾದ್ರೂ ಹುಟ್ಟುತ್ತಾ?

ಇಲ್ಲ, ಮತ್ತೆ ಇಲ್ಲಿ ಲೆಕ್ಕ ಶುರು ಮಾಡೋಕೆ ಮುಂಚೆನೇ ಅರ್ಧ ಕೆಲಸ ಮುಗಿಯುತ್ತೆ. ಫೋಟಾನ್‌ಗೆ ಚಾರ್ಜ್ ಪ್ಯಾರಿಟಿ (ಕಣದ ಜಾಗದಲ್ಲಿ ಆಂಟಿಕಣ ಇಟ್ರೆ ಬರೋ ಚಿಹ್ನೆ) ಮೈನಸ್, ಎರಡು ಸೇರಿದ್ರೆ ಪ್ಲಸ್. ಹಂಗಾಗಿ ರೋ, ಫೈ, ಜೆ-ಸೈ ಥರ ಮೈನಸ್ ಇರೋವು ಒಂಟಿಯಾಗಿ ಹುಟ್ಟಲ್ಲ, ಜೋಡಿಯಾಗಿ ಬೇಕಾದ್ರೆ ಹುಟ್ಟಬಹುದು. ಎರಡನೇ ಕಟ್ಟು ಇನ್ನೂ ಚಂದ: ಸ್ಪಿನ್ 1 ಇರೋ ಕಣ ಎರಡು ನಿಜವಾದ ಫೋಟಾನ್‌ಗಳಿಂದ ಹುಟ್ಟೋ ಹಾಗೇ ಇಲ್ಲ. ಇದು ಲ್ಯಾಂಡೌ 1948ರಲ್ಲಿ, ಯಾಂಗ್ 1950ರಲ್ಲಿ ಬೇರೆ ಬೇರೆಯಾಗಿ ತೋರ್ಸಿದ್ದು. ಹೆಚ್ಚಾಗಿ ಉಳಿಯೋದು ಸ್ಪಿನ್ 0 ಮತ್ತು ಸ್ಪಿನ್ 2 ಗಿರಾಕಿಗಳು: ಪಯಾನ್, ಈಟಾ, ಈಟಾ ಪ್ರೈಮ್, ಎಫ್2, ಎ2, ಕೈ-ಸಿ0, ಕೈ-ಸಿ2 ಹೀಗೆ.

ಆದ್ರೆ ಒಂದು ಕಳ್ಳದಾರಿ ಇದೆ. ಒಂದು ಫೋಟಾನ್ ವರ್ಚುವಲ್ ಆಗಿದ್ರೆ, ಅಂದ್ರೆ ಎಲೆಕ್ಟ್ರಾನ್ ಜೋರಾಗಿ ಪಕ್ಕಕ್ಕೆ ತಿರುಗಿ ಆ ಫೋಟಾನ್‌ಗೆ ಒಂಥರಾ ಮಾಸ್ ಕೊಟ್ಟಿದ್ರೆ, ಸ್ಪಿನ್ 1ರ ನಿಷೇಧ ಸಡಿಲ ಆಗುತ್ತೆ. ಸ್ಪಿನ್ 1ರ ಎಫ್1(1285) (ಬ್ರಾಕೆಟ್ಟಲ್ಲಿರೋದು ಎಂಇವಿಯಲ್ಲಿ ಮಾಸ್) ಕಂಡಿದ್ದು ಹಾಗೇನೇ, ತಿರುಗಿದ ಎಲೆಕ್ಟ್ರಾನನ್ನ ಹಿಡಿದ ಘಟನೆಗಳಲ್ಲಿ ಮಾತ್ರ ಅದು ತಲೆ ಎತ್ತುತ್ತೆ, ಎಲೆಕ್ಟ್ರಾನ್ ನೆಟ್ಟಗೆ ಹೋಗಿರೋ ಘಟನೆಗಳಲ್ಲಿ ಮಾಯ. ಥಿಯರಿ ಇಷ್ಟು ಶುದ್ಧವಾಗಿ ಡೇಟಾದಲ್ಲಿ ಕಾಣೋದು ಅಪರೂಪ.

ಒಂದು ಫಾರ್ಮುಲಾ ಕೊಟ್ಬಿಡಿ, ಎನರ್ಜಿ ಹಾಕಿದ್ರೆ ಕ್ರಾಸ್ ಸೆಕ್ಷನ್ ಬರೋ ಥರ?

ಇಲ್ಲ. ಎಲ್ಲರೂ ಇದನ್ನೇ ಕೇಳ್ತಾರೆ, ಮತ್ತೆ ನಂಗೆ ಈ ಇಡೀ ವಿಷಯದಲ್ಲಿ ಹೇಳೋಕೆ ಒಂದೇ ಮಾತು ಇದ್ರೆ ಅದು ಇದೇ: ಅದೇ ಎರಡು ಫೋಟಾನ್ ಬಂದು ಅದೇ ಎರಡು ಪಯಾನ್ ಹೋಗೋ ಪ್ರಕ್ರಿಯೆಗೆ 0.4 ಜಿಇವಿಯಲ್ಲಿ ಒಂದು ಥಿಯರಿ, 1.3ರಲ್ಲಿ ಇನ್ನೊಂದು, 4ರಲ್ಲಿ ಮತ್ತೊಂದು, 100ರಲ್ಲಿ ಮಗದೊಂದು. ಕೆಳಗೆ ಫೋಟಾನ್‌ಗೆ ಪಯಾನ್ ಒಂದು ಇಡಿಯಾದ ಚಾರ್ಜ್ ಉಂಡೆ ಥರ ಕಾಣುತ್ತೆ, ಒಳಗಿನ ಕ್ವಾರ್ಕ್ ಗೊತ್ತೇ ಆಗಲ್ಲ. ಮಧ್ಯದಲ್ಲಿ ರೆಸೊನೆನ್ಸ್‌ಗಳ, ಅಂದ್ರೆ ಹುಟ್ಟಿದ ಕೂಡ್ಲೇ ಒಡೆಯೋ ಕಣಗಳ ಸಂತೆ. ಮೇಲೆ ಹೋದ್ರೆ, ದೊಡ್ಡ ಕೋನದಲ್ಲಿ ನೋಡಿದ್ರೆ ಕ್ವಾರ್ಕ್ ಕಾಣುತ್ತೆ, ಸಣ್ಣ ಕೋನದಲ್ಲಿ ನೋಡಿದ್ರೆ ಗ್ಲೂಆನ್ ಕಾಣುತ್ತೆ. ಯಾರಾದ್ರೂ ಒಂದು ನಂಬರ್ ಹೇಳಿದ್ರೆ ಎಷ್ಟು ಎನರ್ಜಿ, ಎಷ್ಟು ಕೋನ ಅಂತ ಮೊದಲು ಕೇಳಿ, ಆಮೇಲೆ ತಲೆ ಆಡಿಸಿ.

ಸರಿ, ಒಂದು ಲೆಕ್ಕ ಆದ್ರೂ ಪೂರ್ತಿ ಮಾಡಿ ತೋರ್ಸಿ.

ಬನ್ನಿ, ಎಫ್2(1270) ತಗೊಳ್ಳೋಣ, ಇದು ಎರಡು ಫೋಟಾನ್ ಫಿಸಿಕ್ಸಿನ ಮನೆಮಗ. ಸ್ಪಿನ್ 2, ಮಾಸ್ 1.275 ಜಿಇವಿ, ಒಟ್ಟು ವಿಡ್ತ್ (ಎಷ್ಟು ಬೇಗ ಒಡೆಯುತ್ತೆ ಅನ್ನೋದರ ಅಳತೆ) ಸುಮಾರು 187 ಎಂಇವಿ, ಎರಡು ಫೋಟಾನ್ ಆಗಿ ಒಡೆಯೋ ವಿಡ್ತ್ ಸುಮಾರು 2.6 ಕೆಇವಿ. ರೆಸೊನೆನ್ಸ್ ತುದಿಯಲ್ಲಿ ಕ್ರಾಸ್ ಸೆಕ್ಷನ್ ಇಷ್ಟು: 8 ಪೈ, ಗುಣಿಸು 2ಜೆ ಪ್ಲಸ್ 1, ಗುಣಿಸು ಎರಡು ಫೋಟಾನ್ ವಿಡ್ತ್, ಭಾಗಿಸು ಒಟ್ಟು ವಿಡ್ತ್, ಭಾಗಿಸು ಮಾಸ್ ವರ್ಗ. ಈಗ ನಂಬರ್ ಹಾಕಿ. 8 ಪೈ ಗುಣಿಸು 5 ಅಂದ್ರೆ 125.7. ವಿಡ್ತ್‌ಗಳ ಅನುಪಾತ 2.6 ಕೆಇವಿ ಭಾಗಿಸು 187 ಎಂಇವಿ, ಅಂದ್ರೆ ಲಕ್ಷಕ್ಕೆ 1.39. ಮಾಸ್ ವರ್ಗ 1.626. ಬರೋದು 0.001075, ಆದ್ರೆ ಇದು ಜಿಇವಿ ವರ್ಗದ ತಲೆಕೆಳಗು ಯೂನಿಟ್‌ನಲ್ಲಿ. ಇದನ್ನ 0.3894ರಿಂದ ಗುಣಿಸಿದ್ರೆ ಮಿಲಿಬಾರ್ನ್ (ಕ್ರಾಸ್ ಸೆಕ್ಷನ್ ಅಳೆಯೋ ಯೂನಿಟ್) ಆಗುತ್ತೆ, ಅಲ್ಲಿಂದ ನ್ಯಾನೋಬಾರ್ನ್‌ಗೆ ಹೋದ್ರೆ ಸುಮಾರು 420.

ಇದು ಎಫ್2 ಒಟ್ಟು ಹುಟ್ಟೋ ಲೆಕ್ಕ. ಅದರಲ್ಲಿ ಸುಮಾರು 84 ಪರ್ಸೆಂಟ್ ಎರಡು ಪಯಾನ್ ಆಗಿ ಒಡೆಯುತ್ತೆ, ಅದರಲ್ಲೂ ಮೂರರಲ್ಲಿ ಎರಡು ಪಾಲು ಚಾರ್ಜ್ ಇರೋ ಜೋಡಿ, ಉಳಿದ ಒಂದು ಪಾಲು ನ್ಯೂಟ್ರಲ್ ಜೋಡಿ. ಹಂಗಾಗಿ ಚಾರ್ಜ್ ಇರೋ ಪಯಾನ್ ಜೋಡಿಗೆ 235 ನ್ಯಾನೋಬಾರ್ನ್, ನ್ಯೂಟ್ರಲ್‌ಗೆ ಅದರ ಅರ್ಧ. ಆಮೇಲೆ ಕೋನ. ಎಫ್2 ಹುಟ್ಟೋವಾಗ ಎರಡು ಫೋಟಾನ್‌ಗಳ ಹೆಲಿಸಿಟಿ (ಓಡೋ ದಿಕ್ಕಿನಲ್ಲಿ ಸ್ಪಿನ್ ಎಷ್ಟು ಅನ್ನೋದು) ವ್ಯತ್ಯಾಸ ಹೆಚ್ಚಾಗಿ 2 ಇರುತ್ತೆ, ಆಗ ಪಯಾನ್‌ಗಳು ಸೈನ್ ನಾಲ್ಕನೇ ಘಾತದ ಪ್ರಕಾರ ಹಂಚಿಕೆ ಆಗ್ತವೆ, ಅಂದ್ರೆ ಬೀಮ್ ದಿಕ್ಕಿಗೆ ಅಡ್ಡಡ್ಡ ಬರೋದೇ ಜಾಸ್ತಿ. ಡಿಟೆಕ್ಟರ್ ಕೊಸೈನ್ 0.6ರ ಒಳಗೆ ಮಾತ್ರ ನೋಡುತ್ತೆ ಅಂದ್ರೂ ಶೇಕಡಾ 88ರಷ್ಟು ಸಿಕ್ಕಿಬಿಡುತ್ತೆ. ಎಲ್ಲಾ ದಿಕ್ಕಿಗೂ ಸಮವಾಗಿ ಹರಡಿದ್ರೆ ಬರೀ 60 ಸಿಗ್ತಿತ್ತು. ಬೀಮ್ ಪೈಪ್ ಕಡೆ ನೋಡೋಕಾಗದ ಡಿಟೆಕ್ಟರ್‌ಗೆ ಪ್ರಕೃತಿಯೇ ಒಲಿದು ಬಂದ ಹಾಗೆ.

ಕೈಯಲ್ಲಿ ಮಾಡಿದ ಲೆಕ್ಕ ಇಷ್ಟೇ. ಡೇಟಾ ಜೊತೆ ಸರಿಯಾಗಿ ಕೂರಿಸ್ಬೇಕು ಅಂದ್ರೆ ಇದರ ಕೆಳಗೆ ನೇರವಾಗಿ ಪಯಾನ್ ಜೋಡಿ ಹುಟ್ಟೋ ಆಂಪ್ಲಿಟ್ಯೂಡ್ (ವರ್ಗ ಮಾಡಿದ್ರೆ ಸಾಧ್ಯತೆ ಕೊಡೋ ಸಂಖ್ಯೆ) ಸೇರಿಸಿ ಇಂಟರ್‌ಫಿಯರೆನ್ಸ್ ನೋಡ್ಬೇಕು. ಕ್ರಾಸ್ ಸೆಕ್ಷನ್ ಕೂಡಿಸ್ಬೇಡಿ, ಆಂಪ್ಲಿಟ್ಯೂಡ್ ಕೂಡಿಸಿ.

ಎರಡು ಫೋಟಾನ್ ವಿಡ್ತ್‌ಗೆ ಯಾಕೆ ಇಷ್ಟು ಬೆಲೆ?

ಯಾಕಂದ್ರೆ ಫೋಟಾನ್ ಕ್ವಾರ್ಕಿನ ಚಾರ್ಜನ್ನ ನೇರವಾಗಿ ಮುಟ್ಟಿ ನೋಡುತ್ತೆ. ಎಫ್2, ಎ2, ಎಫ್2 ಪ್ರೈಮ್ ಮೂರೂ ಒಂದೇ ಕುಟುಂಬ, ಒಳಗಿನ ಕ್ವಾರ್ಕ್ ಚಾರ್ಜುಗಳನ್ನ ವರ್ಗ ಮಾಡಿ ಕೂಡಿಸಿ (ಎ2ಗೆ ಮಾತ್ರ ಕಳೆದು) ಮತ್ತೆ ವರ್ಗ ಮಾಡಿದ್ರೆ ವಿಡ್ತ್‌ಗಳು 25ಕ್ಕೆ 9ಕ್ಕೆ 2 ಅಂತ ಬರ್ಬೇಕು. ಅಳೆದಿದ್ದು ಸುಮಾರು 2.6, 1.0, 0.08 ಕೆಇವಿ. ಮೊದಲೆರಡು ಆಹಾ ಅನ್ನೋ ಥರ ಕೂರುತ್ತೆ, ಮೂರನೇದು 0.2 ಇರ್ಬೇಕಾಗಿದ್ದು ಅರ್ಧಕ್ಕಿಂತ ಕಮ್ಮಿ ಇದೆ. ಸ್ಟ್ರೇಂಜ್ ಕ್ವಾರ್ಕ್ ಭಾರ ಜಾಸ್ತಿ, ಮೇಲೆ ಎಫ್2 ಜೊತೆ ಸ್ವಲ್ಪ ಬೆರಕೆ ಬೇರೆ, ಅಷ್ಟು ಸಣ್ಣ ನಂಬರ್‌ನಲ್ಲಿ ಸ್ವಲ್ಪ ಬೆರಕೆನೂ ದೊಡ್ಡದಾಗಿ ಕಾಣುತ್ತೆ.

ನ್ಯೂಟ್ರಲ್ ಪಯಾನ್ ಲೆಕ್ಕನ ಎಲ್ಲರೂ ಹೊಗಳ್ತಾರಲ್ಲ, ಯಾಕೆ?

ಅಡ್ಜಸ್ಟ್ ಮಾಡೋಕೆ ಒಂದೂ ತಿರುಪು ಇಲ್ಲದೇ ಉತ್ತರ ಬರೋದ್ರಿಂದ. 1969ರಲ್ಲಿ ಆಡ್ಲರ್ ಒಂದು ಕಡೆ, ಬೆಲ್ ಮತ್ತು ಜಾಕೀವ್ ಇನ್ನೊಂದು ಕಡೆ, ಕ್ಲಾಸಿಕಲ್ ಆಗಿ ಇರೋ ಒಂದು ಸಿಮೆಟ್ರಿ ಕ್ವಾಂಟಮ್ ಮಟ್ಟದಲ್ಲಿ ಮುರಿಯುತ್ತೆ ಅಂತ ಕಂಡ್ಕೊಂಡ್ರು, ಅನಾಮಲಿ ಅಂತ ಕರೆಯೋದು ಅದನ್ನೇ. ಆ ಮುರಿದ ಜಾಗದಿಂದಾನೇ ಪಯಾನ್ ಎರಡು ಫೋಟಾನ್ ಆಗಿ ಒಡೆಯೋದು. ಲೆಕ್ಕಕ್ಕೆ ಬೇಕಾಗಿರೋದು ಪಯಾನ್ ಮಾಸ್, ಫೈನ್ ಸ್ಟ್ರಕ್ಚರ್ ಕಾನ್‌ಸ್ಟಂಟ್, ಮತ್ತೆ ಪಯಾನ್ ಡಿಕೇ ಕಾನ್‌ಸ್ಟಂಟ್ 92 ಎಂಇವಿ, ಅಷ್ಟೇ. ಉತ್ತರ 7.75 ಇವಿ. ಮುಂದಿನ ತಿದ್ದುಪಡಿಗಳನ್ನ ಸೇರಿಸಿದ್ರೆ 8.1 ಹತ್ರ ಹೋಗುತ್ತೆ. ಜೆಫರ್ಸನ್ ಲ್ಯಾಬಿನ ಪ್ರೈಮೆಕ್ಸ್ ಪ್ರಯೋಗ 2020ರಲ್ಲಿ ಕೊಟ್ಟಿದ್ದು 7.80, ಒಂದೂವರೆ ಪರ್ಸೆಂಟ್ ನಿಖರತೆಯಲ್ಲಿ. ತಮಾಷೆ ಏನಂದ್ರೆ ತಿದ್ದಿದ ಲೆಕ್ಕಕ್ಕಿಂತ ತಿದ್ದದ ಲೆಕ್ಕಾನೇ ಡೇಟಾಗೆ ಹತ್ರ. ಇದನ್ನ ಯಾರೂ ಜೋರಾಗಿ ಹೇಳಲ್ಲ, ಹೇಳೋ ಅಷ್ಟು ದೊಡ್ಡ ವ್ಯತ್ಯಾಸನೂ ಅಲ್ಲ.

ಆ ಪ್ರಯೋಗದ ವಿಧಾನಾನೂ ಎರಡು ಫೋಟಾನ್ ಡಿಕ್ಕಿನೇ: ಒಂದು ಫೋಟಾನ್ ಬೀಮಿಂದ, ಇನ್ನೊಂದು ನ್ಯೂಕ್ಲಿಯಸ್ ಸುತ್ತಲಿನ ವಿದ್ಯುತ್ ಕ್ಷೇತ್ರದಿಂದ. ಪ್ರಿಮಾಕಾಫ್ 1951ರಲ್ಲಿ ಹೇಳಿದ್ದು.

ಕಡಿಮೆ ಎನರ್ಜಿಯಲ್ಲಿ ಎರಡು ಪಯಾನ್ ಹುಟ್ಟೋದನ್ನ ಹೇಗೆ ಲೆಕ್ಕ ಹಾಕ್ತಾರೆ?

ಚಾರ್ಜ್ ಇರೋ ಜೋಡಿ ಸುಲಭ, ನ್ಯೂಟ್ರಲ್ ಜೋಡಿ ಕಷ್ಟ, ಕಲಿಯೋಕೆ ನ್ಯೂಟ್ರಲ್ಲೇ ಚೆನ್ನಾಗಿರೋದು. ಚಾರ್ಜ್ ಇದ್ರೆ ಫೋಟಾನ್ ನೇರವಾಗಿ ಹಿಡ್ಕೊಳ್ಳುತ್ತೆ, ಮೂರು ಫೈನ್‌ಮನ್ ಡಯಾಗ್ರಾಂ (ಕಣಗಳು ಹೇಗೆ ಅಂಟುತ್ತವೆ ಅನ್ನೋ ಲೆಕ್ಕದ ಚಿತ್ರ) ಬರೆದ್ರೆ ನೂರಾರು ನ್ಯಾನೋಬಾರ್ನ್ ಬಂದ್ಬಿಡುತ್ತೆ. ಫೋಟಾನಿನ ವಿದ್ಯುತ್ ಕ್ಷೇತ್ರದಲ್ಲಿ ಪಯಾನ್ ಎಷ್ಟು ಬಾಗುತ್ತೆ, ಅಂದ್ರೆ ಅದರ ಪೋಲರೈಸಬಿಲಿಟಿ ಎಷ್ಟು ಅನ್ನೋದು ಅದರ ಮೇಲಿನ ಸಣ್ಣ ತಿದ್ದುಪಡಿ ಆಗಿ ಬರುತ್ತೆ. ಇದರ ಮೇಲೆ ವರ್ಷಗಟ್ಟಲೆ ಜಗಳ ಇತ್ತು, ಕೆಲವು ಹಳೇ ಪ್ರಯೋಗಗಳು ಥಿಯರಿಗಿಂತ ಎರಡು ಪಟ್ಟು ಹೇಳ್ತಿದ್ವು, 2015ರಲ್ಲಿ ಕಾಂಪಸ್ ಪ್ರಯೋಗದ ಅಳತೆ ಬಂದು ಥಿಯರಿ ಕಡೆ ತಕ್ಕಡಿ ವಾಲಿಸ್ತು.

ನ್ಯೂಟ್ರಲ್ ಪಯಾನ್‌ಗೆ ಫೋಟಾನ್ ನೇರವಾಗಿ ಅಂಟೋ ಜಾಗಾನೇ ಇಲ್ಲ. ಹಂಗಾದ್ರೆ ಜೋಡಿ ಎಲ್ಲಿಂದ ಬರುತ್ತೆ? ಮೊದಲು ಚಾರ್ಜ್ ಇರೋ ಜೋಡಿ ಹುಟ್ಟಿ, ಅವು ಒಂದಕ್ಕೊಂದು ಗುದ್ದಿ ನ್ಯೂಟ್ರಲ್ ಆಗಿ ಬದಲಾಗ್ತವೆ, ಅಂದ್ರೆ ಒಂದು ಲೂಪ್ ಇಲ್ಲದೇ ಏನೂ ಇಲ್ಲ. 1988ರಲ್ಲಿ ಕೈರಲ್ ಪರ್ಟರ್ಬೇಷನ್ ಥಿಯರಿಯಲ್ಲಿ (ಕ್ವಾರ್ಕ್ ಬಿಟ್ಟು ಪಯಾನ್‌ಗಳನ್ನೇ ಇಟ್ಕೊಂಡು ಕಡಿಮೆ ಎನರ್ಜಿಗೆ ಮಾಡೋ ಥಿಯರಿ) ಒಂದು ಲೂಪ್ ಲೆಕ್ಕ ಮಾಡಿದಾಗ ಉತ್ತರ ಇನ್‌ಫಿನಿಟಿಗೆ ಓಡದೇ ನೆಟ್ಟಗೆ ಬಂತು, ಹೊಸ ಕಾನ್‌ಸ್ಟಂಟ್ ಒಂದೂ ಬೇಕಾಗಲಿಲ್ಲ. ಸಂತೋಷ ಜಾಸ್ತಿ ದಿನ ಇರಲಿಲ್ಲ, 1990ರಲ್ಲಿ ಕ್ರಿಸ್ಟಲ್ ಬಾಲ್ ಡೇಟಾ ಬಂದಾಗ ಶುರುವಿನಲ್ಲೇ ಕ್ರಾಸ್ ಸೆಕ್ಷನ್ 10 ನ್ಯಾನೋಬಾರ್ನ್ ಆಸುಪಾಸು, ಲೆಕ್ಕ ಅದಕ್ಕಿಂತ ಕೆಳಗಿತ್ತು. 1994ರಲ್ಲಿ ಬೆಲ್ಲುಚಿ, ಗಾಸರ್, ಸೈನಿಯೋ ಎರಡು ಲೂಪ್ ತನಕ ಹೋಗಿ ಆ ಗ್ಯಾಪ್ ಮುಚ್ಚಿದ್ರು.

ಈಗ ಜನ ಹೆಚ್ಚು ನಂಬೋದು ಡಿಸ್ಪರ್ಷನ್ ರಿಲೇಷನ್ ದಾರಿನ. ಐಡಿಯಾ ಇಷ್ಟೇ: ಸುಮಾರು 1 ಜಿಇವಿ ಕೆಳಗೆ, ಕಾವಾನ್ ಜೋಡಿ ಹುಟ್ಟೋಕೆ ಮುಂಚೆ, ಫೋಟಾನ್‌ನಿಂದ ಪಯಾನ್ ಜೋಡಿ ಆಗೋ ಆಂಪ್ಲಿಟ್ಯೂಡಿನ ಫೇಸು ಪಯಾನ್ ಪಯಾನ್ ಗುದ್ದೋ ಫೇಸಿಗೆ ಸಮ ಇರ್ಲೇಬೇಕು. ಪಯಾನ್ ಪಯಾನ್ ಫೇಸ್ ನಮಗೆ ಚೆನ್ನಾಗಿ ಗೊತ್ತು. ಎನರ್ಜಿ ಸೊನ್ನೆ ಕಡೆ ಹೋದ್ರೆ ಆಂಪ್ಲಿಟ್ಯೂಡ್ ಬರೀ ಚಾರ್ಜ್ ಮತ್ತು ಮಾಸ್ ಮೇಲೆ ನಿಂತಿರುತ್ತೆ ಅಂತ ಲೋ ಅನ್ನೋರ ಥಿಯರಂ ಹೇಳುತ್ತೆ. ಒಂದು ತುದಿ ಕಟ್ಟಿದೆ, ಫೇಸ್ ಗೊತ್ತಿದೆ, ಮಧ್ಯದ್ದನ್ನ ಇಂಟಿಗ್ರಲ್ ಹಾಕಿ ತುಂಬೋದು. ಮಾಡೆಲ್ ಕಮ್ಮಿ, ಕೂದಲು ಸೀಳೋ ಕೆಲಸ ಜಾಸ್ತಿ.

4 ಜಿಇವಿ ಹತ್ರ ಕ್ವಾರ್ಕ್ ಲೆಕ್ಕ ಸರಿಯಾಗಿ ಕೂರುತ್ತಾ?

ಅರ್ಧ ಕೂರುತ್ತೆ, ಅರ್ಧ ಮೊಂಡಾಟ. ಬ್ರಾಡ್ಸ್ಕಿ ಮತ್ತು ಲೆಪಾಜ್ 1981ರಲ್ಲಿ ಕೊಟ್ಟ ಚಿತ್ರದಲ್ಲಿ ಎರಡು ಫೋಟಾನ್ ಎರಡು ಕ್ವಾರ್ಕ್ ಜೋಡಿ ಮಾಡ್ತವೆ, ಒಂದು ಗ್ಲೂಆನ್ ಅವನ್ನ ಒಂದೇ ದಿಕ್ಕಿಗೆ ತಿರುಗಿಸಿ ಪಯಾನ್ ಆಗಿ ಪ್ಯಾಕ್ ಮಾಡುತ್ತೆ. ಚಾರ್ಜ್ ಇರೋ ಜೋಡಿಯ ಕ್ರಾಸ್ ಸೆಕ್ಷನ್ ಎನರ್ಜಿಯ ಆರನೇ ಘಾತಕ್ಕೆ ತಕ್ಕ ಹಾಗೆ ಇಳೀಬೇಕು, ಕೋನದ ಹಂಚಿಕೆ ಸೈನ್ ನಾಲ್ಕನೇ ಘಾತದ ತಲೆಕೆಳಗು ಇರ್ಬೇಕು. ಬೆಲ್ ಅನ್ನೋ ಜಪಾನಿನ ಪ್ರಯೋಗದ ಡೇಟಾದಲ್ಲಿ ಕೋನ ಚೆನ್ನಾಗಿ ಕೂತಿದೆ, ಇಳಿಯೋ ವೇಗ ಆರಕ್ಕಿಂತ ಸ್ವಲ್ಪ ಜಾಸ್ತಿ ಇದ್ರೂ ಅಳತೆಯ ತಪ್ಪಿನ ಅಂಚಿಗೆ ಬರುತ್ತೆ. ತೊಂದರೆ ಎಲ್ಲಾ ನ್ಯೂಟ್ರಲ್ ಜೋಡಿದು. ಗ್ಲೂಆನ್ ಲೆಕ್ಕದ ಪ್ರಕಾರ ನ್ಯೂಟ್ರಲ್ ಭಾಗಿಸು ಚಾರ್ಜ್ ಅನುಪಾತ 0.1ಕ್ಕಿಂತ ಕಮ್ಮಿ. ಹ್ಯಾಂಡ್‌ಬ್ಯಾಗ್ ಅನ್ನೋ ಇನ್ನೊಂದು ಚಿತ್ರ, ಡೀಲ್, ಕ್ರೋಲ್, ಫೋಗ್ಟ್ 2002ರಲ್ಲಿ ಕೊಟ್ಟಿದ್ದು, ಅದರ ಪ್ರಕಾರ 0.5. ಬೆಲ್ ಅಳೆದಿದ್ದು ಸುಮಾರು 0.32.

ಇಬ್ಬರೂ ಸೋತ್ರು ಅಂತಾನೂ ಹೇಳಬಹುದು, ಇಬ್ಬರೂ ಅರ್ಧ ಗೆದ್ರು ಅಂತಾನೂ ಹೇಳಬಹುದು, ಎರಡೂ ಕಡೆಯವರು ಎರಡನ್ನೂ ಹೇಳ್ತಾರೆ. ನನ್ನ ಅನಿಸಿಕೆ ಕೇಳಿದ್ರೆ 4 ಜಿಇವಿ ಅನ್ನೋದು ಈ ಥಿಯರಿಗಳಿಗೆ ಇನ್ನೂ ಚಿಕ್ಕ ಎನರ್ಜಿ, ಎರಡು ಕ್ವಾರ್ಕ್ ನಡುವೆ ಗ್ಲೂಆನ್‌ಗೆ ಸಿಗೋದು ಅದರ ಒಂದು ಪಾಲು ಅಷ್ಟೇ, ಮೇಲೆ 3.4 ಮತ್ತು 3.55ರಲ್ಲಿ ಚಾರ್ಮೋನಿಯಂ (ಚಾರ್ಮ್ ಕ್ವಾರ್ಕ್ ಮತ್ತು ಅದರ ಆಂಟಿಕ್ವಾರ್ಕ್ ಸೇರಿದ ಮೆಸಾನ್) ಶಿಖರಗಳು ಬೇರೆ ಬಂದು ಕೂತಿವೆ.

ಎನರ್ಜಿ ತುಂಬಾ ಜಾಸ್ತಿ ಮಾಡಿದ್ರೆ ಎಲ್ಲಾ ಮೆಸಾನ್ ಜೋಡಿನೂ ಇಳಿದು ಮಾಯ ಆಗುತ್ತಾ?

ಒಳ್ಳೇ ಪ್ರಶ್ನೆ. ಇಲ್ಲ, ಎಲ್ಲಾ ಮಾಯ ಆಗಲ್ಲ. ರೂಲ್ ಇದು: ಎರಡು ಕಡೆಯ ನಡುವೆ ಏನು ಓಡಾಡುತ್ತೆ ಅನ್ನೋದರ ಸ್ಪಿನ್ ಮೇಲೆ ಇಳಿಯೋದು ನಿಲ್ಲೋದು ನಿಂತಿದೆ. ಪಯಾನ್ ಜೋಡಿಯಲ್ಲಿ ಎರಡು ಕ್ವಾರ್ಕ್ ಓಡಾಡುತ್ತೆ, ಸ್ಪಿನ್ ಅರ್ಧ ಅರ್ಧ, ಕ್ರಾಸ್ ಸೆಕ್ಷನ್ ಜೋರಾಗಿ ಇಳಿಯುತ್ತೆ. ಆದ್ರೆ ರೋ ರೋ, ಜೆ-ಸೈ ಜೆ-ಸೈ ಥರ ವೆಕ್ಟರ್ ಮೆಸಾನ್ ಜೋಡಿಯಲ್ಲಿ ಪ್ರತಿ ಫೋಟಾನ್ ತನ್ನ ಪಾಡಿಗೆ ತಾನು ಮೆಸಾನ್ ಆಗುತ್ತೆ, ನಡುವೆ ಎರಡು ಗ್ಲೂಆನ್ ಮಾತ್ರ ಓಡಾಡಿದ್ರೆ ಸಾಕು, ಗ್ಲೂಆನ್ ಸ್ಪಿನ್ 1, ಆದ್ದರಿಂದ ಕ್ರಾಸ್ ಸೆಕ್ಷನ್ ಇಳಿಯೋದೇ ಇಲ್ಲ. ಮೇಲಿಂದ ಗ್ಲೂಆನ್ ಏಣಿಗೆ ಮೆಟ್ಟಿಲು ಸೇರಿಸ್ತಾ ಹೋದ್ರೆ ಏರೋಕೆ ಶುರು ಆಗುತ್ತೆ. ಬಿಎಫ್‌ಕೆಎಲ್ ಅನ್ನೋ ಲೆಕ್ಕ ಇದೇ. ಮೊದಲ ಹಂತದಲ್ಲಿ ಅದು ಕೊಡೋ ಏರಿಕೆ ವಿಪರೀತ ಕಡಿದು, 1998ರಲ್ಲಿ ಮುಂದಿನ ಹಂತದ ತಿದ್ದುಪಡಿ ಬಂದಾಗ ಅದು ಎಷ್ಟು ದೊಡ್ಡದಿತ್ತು ಅಂದ್ರೆ ಮೂಲ ಉತ್ತರವನ್ನೇ ನುಂಗೋ ಹಂಗಿತ್ತು. ಎರಡು ವರ್ಚುವಲ್ ಫೋಟಾನ್ ಬಂದು ಎರಡು ವೆಕ್ಟರ್ ಮೆಸಾನ್ ಆಗೋದು ಈ ಏಣಿನ ಪರೀಕ್ಷೆ ಮಾಡೋಕೆ ಅತಿ ಶುದ್ಧವಾದ ಜಾಗ ಅಂತ ಥಿಯರಿ ಜನ ಹೇಳ್ತಾ ಬಂದಿದಾರೆ, ಆದ್ರೆ ಘಟನೆಗಳ ಸಂಖ್ಯೆ ಸಾಲಲ್ಲ.

ಒಟ್ಟು ಕ್ರಾಸ್ ಸೆಕ್ಷನ್‌ಗೆ ಮಾತ್ರ ಒಂದು ಬೆರಳೆಣಿಕೆ ಲೆಕ್ಕ ಇದೆ, ನಂಗೆ ತುಂಬಾ ಇಷ್ಟ. ಫೋಟಾನ್ ಪ್ರೋಟಾನ್ ಕ್ರಾಸ್ ಸೆಕ್ಷನ್ 20 ಜಿಇವಿ ಹತ್ರ ಸುಮಾರು 0.115 ಮಿಲಿಬಾರ್ನ್, ಪ್ರೋಟಾನ್ ಪ್ರೋಟಾನ್‌ದು 40 ಮಿಲಿಬಾರ್ನ್. ಮೊದಲನೇದನ್ನ ವರ್ಗ ಮಾಡಿ ಎರಡನೇದರಿಂದ ಭಾಗಿಸಿ. 330 ನ್ಯಾನೋಬಾರ್ನ್ ಬರುತ್ತೆ. ಲೆಪ್ ಅನ್ನೋ ಹಳೇ ಎಲೆಕ್ಟ್ರಾನ್-ಪಾಸಿಟ್ರಾನ್ ಯಂತ್ರದ ಕಾಲದ ಡೇಟಾ ಆ ಎನರ್ಜಿಯಲ್ಲಿ ಇರೋದು ಅದೇ ಆಸುಪಾಸಲ್ಲಿ. ಒಂದು ಫೈನ್‌ಮನ್ ಡಯಾಗ್ರಾಂ ಬರೀಲಿಲ್ಲ ನೋಡಿ.

ಬಾಬಾರ್ ಮತ್ತು ಬೆಲ್ ನಡುವಿನ ಪಯಾನ್ ಜಗಳ ಏನು?

ಒಂದು ಫೋಟಾನ್ ನಿಜ, ಇನ್ನೊಂದು ತುಂಬಾ ವರ್ಚುವಲ್, ಎರಡೂ ಸೇರಿ ಒಂದು ನ್ಯೂಟ್ರಲ್ ಪಯಾನ್. ಇದು ಎಷ್ಟು ಜೋರಾಗಿ ಆಗುತ್ತೆ ಅನ್ನೋ ಅಳತೆನ, ಅಂದ್ರೆ ಫಾರ್ಮ್ ಫ್ಯಾಕ್ಟರನ್ನ, ವರ್ಚುವಾಲಿಟಿಯಿಂದ (ಆ ಫೋಟಾನ್‌ಗೆ ಬಂದ ಮಾಸಿನ ವರ್ಗ) ಗುಣಿಸಿದ್ರೆ ಅದು ಮೇಲೆ ಹೋಗ್ತಾ ಹೋಗ್ತಾ 0.185 ಜಿಇವಿ ಹತ್ರ ಬಂದು ಸಮತಟ್ಟಾಗ್ಬೇಕು ಅಂತ ಬ್ರಾಡ್ಸ್ಕಿ ಲೆಪಾಜ್ ಲೆಕ್ಕ. 2009ರಲ್ಲಿ ಅಮೆರಿಕದ ಬಾಬಾರ್ ಪ್ರಯೋಗ 40 ಜಿಇವಿ ವರ್ಗದ ತನಕ ಅಳೆದಾಗ ಕರ್ವು 10 ದಾಟಿದ ಮೇಲೆ ಆ ಗೆರೆನ ದಾಟಿ ಮೇಲೇ ಹೋಗ್ತಿತ್ತು. ಒಂದೆರಡು ವರ್ಷ ಪಯಾನ್ ಒಳಗೆ ಕ್ವಾರ್ಕ್‌ಗಳು ಎನರ್ಜಿ ಹಂಚ್ಕೊಳ್ಳೋದು ನಾವು ಅಂದ್ಕೊಂಡ ಹಂಗಿಲ್ಲ, ಪೂರ್ತಿ ಚಪ್ಪಟೆ ಇರ್ಬಹುದು ಅಂತ ಪೇಪರ್ ಮೇಲೆ ಪೇಪರ್. 2012ರಲ್ಲಿ ಬೆಲ್ ಅದೇ ರೇಂಜ್ ಅಳೆದಾಗ ಅಷ್ಟು ಏರಿಕೆ ಕಾಣಲಿಲ್ಲ. ಎರಡೂ ಸೇರಿಸಿ ನೋಡಿದ್ರೆ ವ್ಯತ್ಯಾಸ ಅಂಗಡಿ ಮುಚ್ಚೋ ಅಷ್ಟಿಲ್ಲ, ಕಣ್ಣು ಮುಚ್ಚೋ ಅಷ್ಟು ಚಿಕ್ಕದೂ ಅಲ್ಲ.

ಗ್ಲೂಬಾಲ್ ಸಿಗುತ್ತಾ ಇಲ್ಲಿ?

ಸಿಗದೇ ಇರೋದೇ ಇಲ್ಲಿನ ಸುಳಿವು. ಬರೀ ಗ್ಲೂಆನ್‌ನಿಂದ ಆದ ಕಣಕ್ಕೆ ಫೋಟಾನ್ ನೇರವಾಗಿ ಅಂಟಲ್ಲ. ಬೇರೆ ಕಡೆ, ಉದಾಹರಣೆಗೆ ಜೆ-ಸೈ ಒಡೆಯೋದರಲ್ಲಿ ಜೋರಾಗಿ ಕಂಡು ಎರಡು ಫೋಟಾನ್‌ನಲ್ಲಿ ನಾಪತ್ತೆ ಆಗೋ ಕಣದ ಮೇಲೆ ಅನುಮಾನ ಪಡ್ಬೇಕು. ಎಫ್0(1500) ಇಂಥ ಅನುಮಾನದ ಪಟ್ಟಿಯಲ್ಲಿರೋದು.

ಇದೆಲ್ಲಾ ಯಾವುದಕ್ಕೆ ಬೇಕು?

ಮ್ಯೂಆನ್ (ಎಲೆಕ್ಟ್ರಾನಿನ ಭಾರದ ಅಣ್ಣ) ಮ್ಯಾಗ್ನೆಟಿಕ್ ಮೊಮೆಂಟಿಗೆ, ಅಂದ್ರೆ ಅದರ ಅಯಸ್ಕಾಂತದ ಬಲದ ಲೆಕ್ಕಕ್ಕೆ. ಅದರ ಲೆಕ್ಕದಲ್ಲಿ ಮ್ಯೂಆನ್‌ಗೆ ಅಂಟಿರೋ ಫೋಟಾನ್‌ಗಳು ಒಂದಕ್ಕೊಂದು ಮೆಸಾನ್ ಮೂಲಕ ಚದುರೋ ಒಂದು ತುಂಡು ಇದೆ. 2020ರಲ್ಲಿ ಥಿಯರಿ ಜನ ಸೇರಿ ಒಪ್ಪಿದ ಅಂಕಿ 92, ಪ್ಲಸ್ ಮೈನಸ್ 18, ಯೂನಿಟ್ 10ರ ಮೈನಸ್ 11ನೇ ಘಾತ. ಅದರಲ್ಲಿ 63ರಷ್ಟು ಬರೀ ನ್ಯೂಟ್ರಲ್ ಪಯಾನ್‌ದು. ಅಂದ್ರೆ ಮೇಲೆ ಹೇಳಿದ ಫಾರ್ಮ್ ಫ್ಯಾಕ್ಟರ್ ಇಲ್ಲದೇ ಆ ಲೆಕ್ಕ ಮುಂದಕ್ಕೆ ಹೋಗಲ್ಲ. ಎರಡನೇ ದೊಡ್ಡ ತಲೆನೋವು ಪಯಾನ್ ಜೋಡಿ, ಅಲ್ಲೂ ಡಿಸ್ಪರ್ಷನ್ ದಾರಿನೇ ಕೈ ಹಿಡಿದಿದ್ದು.

ಸೂಪರ್‌ಕಂಪ್ಯೂಟರ್‌ಗೆ ಹಾಕಿ ಲ್ಯಾಟಿಸ್‌ನಲ್ಲಿ (ಜಾಗ, ಕಾಲ ಎರಡನ್ನೂ ಚುಕ್ಕಿಗಳ ಜಾಲ ಮಾಡಿ) ಮಾಡ್ಬಾರ್ದಾ?

ಪಯಾನ್ ಫಾರ್ಮ್ ಫ್ಯಾಕ್ಟರ್ ಮಾಡಿದಾರೆ, ಚೆನ್ನಾಗೇ ಬಂದಿದೆ. ಎನರ್ಜಿ ಜಾಸ್ತಿ ಇರೋ ಡಿಕ್ಕಿ ಮಾತ್ರ ಆಗಲ್ಲ, ಯಾಕಂದ್ರೆ ಲ್ಯಾಟಿಸ್‌ನಲ್ಲಿ ಕಾಲ ಅನ್ನೋದು ಕಾಲ್ಪನಿಕ, ಅಲ್ಲಿ ಕಣಗಳು ನಿಜವಾಗಿ ಬಂದು ಗುದ್ದಿ ಹೋಗೋದನ್ನ ನೇರವಾಗಿ ನೋಡೋಕೆ ಬರಲ್ಲ.

ನಂಗೆ ಯಾವಾಗ್ಲೂ ಉತ್ತರ ಎರಡು ಪಟ್ಟು ಬರುತ್ತೆ, ಯಾಕೆ?

ಸ್ವಾಗತ. ಎಲ್ಲರಿಗೂ ಬರುತ್ತೆ. ಮೊದಲು ನೋಡ್ಬೇಕಾಗಿರೋದು ನ್ಯೂಟ್ರಲ್ ಪಯಾನ್ ಎರಡೂ ಒಂದೇ ಥರ, ಹಂಗಾಗಿ ಕೋನವನ್ನ ಅರ್ಧ ಗೋಳದ ಮೇಲೆ ಮಾತ್ರ ಇಂಟಿಗ್ರೇಟ್ ಮಾಡ್ಬೇಕು. ಎರಡನೇದು ಪಯಾನ್ ಡಿಕೇ ಕಾನ್‌ಸ್ಟಂಟ್. ಕೆಲವು ಪುಸ್ತಕದಲ್ಲಿ 92, ಕೆಲವಲ್ಲಿ 130, ನಡುವೆ ರೂಟ್ 2 ವ್ಯತ್ಯಾಸ, ವರ್ಗ ಮಾಡಿದ್ರೆ ಸರಿಯಾಗಿ 2. ನಾನು ಓದೋ ಕಾಲದಲ್ಲಿ ಒಂದು ಪೇಪರಿನ ಗ್ರಾಫ್ ಕೂರಿಸೋಕೆ ಮೂರು ವಾರ ಒದ್ದಾಡಿದೀನಿ, ಕೋಡನ್ನ ಎರಡು ಸಲ ಮೊದಲಿಂದ ಬರೆದೆ, ಕೊನೆಗೆ ನೋಡಿದ್ರೆ ಅವರು 130ರೋರು ನಾನು 92ರೋನು. ಆವತ್ತಿಂದ ಯಾವ ಪೇಪರ್ ತೆಗೆದ್ರೂ ಮೊದಲು ಆ ಒಂದು ನಂಬರ್ ಹುಡುಕಿ ಪೆನ್ಸಿಲಲ್ಲಿ ಸುತ್ತು ಹಾಕ್ತೀನಿ.

ಮೂರನೇದು ಹೆಲಿಸಿಟಿ ಸರಾಸರಿ. ಬರೋ ಫೋಟಾನ್‌ಗಳು ಪೋಲರೈಸ್ ಆಗಿಲ್ಲದಿದ್ರೆ ನಾಲ್ಕರಿಂದ ಭಾಗಿಸ್ಬೇಕು, ಜನ ಮರೀತಾರೆ.

ಶುರು ಮಾಡೋಕೆ ಯಾವ ಲೆಕ್ಕ ಒಳ್ಳೇದು?

ಚಾರ್ಜ್ ಇರೋ ಪಯಾನ್ ಜೋಡಿನೇ, ಮೂರೇ ಡಯಾಗ್ರಾಂ. ಒಂದು ಡಯಾಗ್ರಾಂ ಬೇಕಂತಲೇ ಬಿಟ್ಟು ಒಂದು ಫೋಟಾನಿನ ಪೋಲರೈಸೇಷನ್ ವೆಕ್ಟರ್ ಜಾಗದಲ್ಲಿ ಅದರ ಮೊಮೆಂಟಮ್ ಹಾಕಿ ನೋಡಿ, ಉತ್ತರ ಸೊನ್ನೆ ಬರಲ್ಲ. ಮೂರನ್ನೂ ಸೇರಿಸಿ ಹಾಕಿ, ಸೊನ್ನೆ ಬರುತ್ತೆ. ಬರದಿದ್ರೆ ಎರಡೂ ಫೋಟಾನ್ ಒಂದೇ ಜಾಗದಲ್ಲಿ ಅಂಟೋ ಡಯಾಗ್ರಾಂನಲ್ಲಿರೋ 2ನ್ನ ನೀವು ಮರೆತಿರ್ತೀರಿ.